ಪರ್ಮಿಷನ್ ಕೊಡುವವಳು

ಸೇಲಂನ ನಮ್ಮ ಆಫೀಸಿನಲ್ಲಿ ಪರ್ಮಿಷನ್ ಅಂದರೆ ಒಂದೇ ಅರ್ಥ: ಕೆಲಸದ ನಡುವೆ ಒಂದೆರಡು ಗಂಟೆ ಹೊರಗೆ ಹೋಗಿಬರಲು ಮ್ಯಾನೇಜರು ಕೊಡುವ ಅಪ್ಪಣೆ. ಇದು ನನಗೂ ಗೊತ್ತಿತ್ತು, ಕಂಪ್ಯೂಟರ್ ಕಲಿತ ಅಮಲಿನಲ್ಲಿ ಮರೆತಿದ್ದೆ. ತೊಂಬತ್ತರ ದಶಕದ ಕೊನೆಯ ವರ್ಷಗಳು. ಕೈಮಗ್ಗದವರಿಗೆ ನೂಲು ಮಾರುವ ಆ ಕಂಪನಿ ಒಂದು ಸರ್ವರ್, ಆರು ಕಂಪ್ಯೂಟರ್ ಕೊಂಡು ವೈರು ಎಳೆಸಿತ್ತು. ಯಾರು ಯಾವ ಫೈಲನ್ನು ಬರೀ ನೋಡಬಹುದು, ಯಾರು ತಿದ್ದಬಹುದು ಎಂದು ಗೊತ್ತುಮಾಡುವುದು ನನ್ನ ಕೆಲಸ; ಕಂಪ್ಯೂಟರಿನ ಭಾಷೆಯಲ್ಲಿ ಅದೂ ಪರ್ಮಿಷನ್ನೇ. 'ನಿಮಗೆ ಯಾವ ಪರ್ಮಿಷನ್ ಬೇಕು, ಬರೆದುಕೊಡಿ' ಎಂದು ಎಲ್ಲರಿಗೂ ಒಂದೊಂದು ಕಾಗದ ಹಂಚಿದೆ. ಹಿರಿಯ ಗುಮಾಸ್ತರು 'ಗುರುವಾರ ಮೂರರಿಂದ ಐದು, ಮೊಮ್ಮಗಳಿಗೆ ಕಿವಿ ಚುಚ್ಚಿಸಲು' ಎಂದು ಬರೆದುಕೊಟ್ಟರು. ಟೈಪಿಸ್ಟು ಹಲ್ಲು ಕೀಳಿಸಬೇಕಂತೆ. ಗೋಡೌನಿನವರು ಯಾವ ದಿನವಾದರೂ ಸರಿ, ಎರಡು ಗಂಟೆ ಸಾಕು ಎಂದು ಧಾರಾಳತನ ತೋರಿಸಿದ್ದರು.

ಮ್ಯಾನೇಜರಿಗೆ ಉರಿದುಹೋಯಿತು. ಕಾಗದಗಳ ಕಟ್ಟನ್ನು ಹಿಡಿದುಕೊಂಡು ನನ್ನ ಮೇಜಿಗೆ ಬಂದರು.

"ಏಮ್ಮಾ, ಇಂಗೆ ಪರ್ಮಿಷನ್ ಕುಡುಕ್ಕುರದು ನಾನಾ, ನೀಯಾ?"

ಇಲ್ಲಿ ಪರ್ಮಿಷನ್ ಕೊಡುವುದು ನಾನೋ ನೀನೋ ಎಂದರೆ ಏನು ಹೇಳುವುದು? ಅರ್ಧ ಗಂಟೆ ಪಾಠ ಮಾಡಿದೆ. ಪಾಸ್‌ವರ್ಡನ್ನು ಹೆತ್ತ ತಾಯಿಗೂ ಹೇಳಬಾರದು ಎಂದೆಲ್ಲ ಕೊರೆದೆ. ಅವರು ಪೂರ್ತಿ ಕೇಳಿಸಿಕೊಂಡು, ಹಾಗಾದರೆ ಮ್ಯಾನೇಜರ್ ನಾನು, ಎಲ್ಲ ಪರ್ಮಿಷನ್ನೂ ನನಗೇ ಕೊಡು ಎಂದರು. ಕೊಡಲಿಲ್ಲ. ಡಿಲೀಟ್ ಒತ್ತಿದರೆ ಏನಾಗುತ್ತದೆ ಎಂದು ಒತ್ತಿ ನೋಡುವ ಗುಣ ಅವರದು. ಮೇಚೇರಿ ಬ್ರಾಂಚಿನ ನೂಲಿನ ಪಟ್ಟಿಯನ್ನು ಒಮ್ಮೆ ಹಾಗೇ ಅಳಿಸಿ, ಅದು ಎಲ್ಲಿಗೆ ಹೋಯಿತು ಎಂದು ನನ್ನನ್ನೇ ಕೇಳಿದ್ದರು. ಆಮೇಲೂ ಮೂರು ಸಲ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳಿದರು, ಮೂರು ಸಲವೂ ಹಲ್ಲುಕಿರಿದು ಮಾತು ತಿರುಗಿಸಿದೆ. ಕೊಡುವ ಹಾಗೂ ಇರಲಿಲ್ಲ. ಆ ಪಾಸ್‌ವರ್ಡ್ 'ಗೂಬೆಮೋರೆ.' ಅವರದು ಗುಂಡು ಕನ್ನಡಕ, ಮೈ ಅಲ್ಲಾಡದೆ ಕತ್ತು ಮಾತ್ರ ತಿರುಗಿಸುವ ಅಭ್ಯಾಸ. ಬೇರೆ ಹೆಸರು ನನಗೆ ಹೊಳೆಯಲೇ ಇಲ್ಲ.

ಹೊಸಿಲು ದಾಟಿದರೆ ತಮಿಳು, ಒಳಗೆ ಕನ್ನಡ, ಹೀಗೆ ಬೆಳೆದವಳು ನಾನು. ಆಫೀಸಿನಲ್ಲಿ ಯಾರಿಗೂ ನಮ್ಮ ಮಾತು ಬರುವುದಿಲ್ಲ ಎಂಬ ಧೈರ್ಯ. ಮಧ್ಯಾಹ್ನ ಅವ್ವ ಪಕ್ಕದ ಮನೆಯಿಂದ ಫೋನು ಮಾಡುವಳು. ಫೋನು ಇದ್ದದ್ದು ಮ್ಯಾನೇಜರ ಮೇಜಿನ ಮೇಲೆ. ಅವರ ಮೂಗಿನ ಎದುರಿಗೇ ನಿಂತು ಎಲ್ಲ ಹೇಳುತ್ತಿದ್ದೆ.

"ಇಲ್ಲೇ ಕುಂತೈತೆ ಕಣವ್ವ ಗೂಬೆ ಮೋರೆ. ಮೂರ್ನೇ ಕಾಪಿ ಕುಡೀತೈತೆ. ಇವತ್ತಿನ ಸರ್ಟು ನೋಡ್ಬೇಕು ನೀನು, ಆಸ್ಗೆ ಕವರ್‌ನೇ ಒಲಿಸ್ಕೊಂಡ್ ಬಂದೈತೆ."

ಅವರು ಪೇಪರಿನಿಂದ ಕಣ್ಣೆತ್ತುತ್ತಿರಲಿಲ್ಲ.

ನಾನು ಟೆಂಪರರಿಯಾಗಿ ಸೇರಿ ಮೂರು ವರ್ಷವಾಗಿತ್ತು. ಪರ್ಮನೆಂಟ್ ಮಾಡುವವರು ಕಂಪನಿಯ ಯಜಮಾನರು, ಆದರೆ ಮ್ಯಾನೇಜರು ಒಳ್ಳೆಯ ಮಾತು ಬರೆದರೆ ಮಾತ್ರ. ನಮ್ಮ ಮನೆಯಲ್ಲಿ ಎಲ್ಲರೂ ಮಗ್ಗದವರೇ, ತಿಂಗಳ ಸಂಬಳ ಕಂಡವಳು ನಾನೊಬ್ಬಳೇ. ಅವ್ವ ಆಗಲೇ ಬೀದಿಗೆಲ್ಲ 'ನಮ್ಮುಡ್ಗಿ ಪರ್ಮನೆಂಟ್ ಆಗೋದ್ಲು' ಎಂದು ಸಾರಿಬಿಟ್ಟಿದ್ದಳು. ಕೆಲಸ ಕಾಯಂ ಆಗದಿದ್ದರೆ ಅವ್ವ ಬೀದಿಯವರಿಗೆ ಮುಖ ತೋರಿಸಲಾರದೆ ನೀರಿಗೆ ಹೋಗುವ ದಾರಿಯನ್ನೇ ಬದಲಿಸಬೇಕಾಗಿತ್ತು.

ಅಷ್ಟರಲ್ಲಿ ಯಜಮಾನರಿಗೆ ಹೊಸ ಆಸೆ ಹುಟ್ಟಿತು. ಕಾರಿಮಂಗಲಂ ಬ್ರಾಂಚಿನಿಂದ ಫೋನ್ ಲೈನಿನಲ್ಲೇ ಸೇಲಂ ಸರ್ವರಿಗೆ ಬಂದು ಸ್ಟಾಕು ನೋಡಬೇಕು. ಅವರ ಕಾರಿನಲ್ಲೇ, ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಮೋಡೆಮ್ಮನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ಬ್ರಾಂಚಿನವರು ಸುತ್ತ ನಿಂತರು, ಯಜಮಾನರು ಕುರ್ಚಿ ಎಳೆದುಕೊಂಡು ಕೂತರು. ಮೋಡೆಮ್ ಕೀಚು ಕೀಚು ಎಂದು ಕಿರುಚಿ, ಕೆಮ್ಮಿ, ಸುಮ್ಮನಾಯಿತು. ಪರದೆಯ ಮೇಲೆ ಒಂದು ಸಾಲು ಬಂತು: ಈ ಬಳಕೆದಾರರಿಗೆ ಒಳಬರಲು ಪರ್ಮಿಷನ್ ಇಲ್ಲ.

ಹಿಂದಿನ ಸಂಜೆ ಸರ್ವರಿನಲ್ಲಿ ಬ್ರಾಂಚಿಗೆ ಬಳಕೆದಾರರ ಹೆಸರು ಸೃಷ್ಟಿಸಿ, ಅದನ್ನು ಒಳಬಿಡುವ ಚೌಕಕ್ಕೆ ಟಿಕ್ ಹಾಕುವುದನ್ನು ಮರೆತಿದ್ದೆ. ಊರಿಗೆಲ್ಲ ಪರ್ಮಿಷನ್ ಪಾಠ ಹೇಳಿದವಳು! ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸಿತು. ಸರಿಮಾಡಲು ಯಾರಾದರೂ ಸೇಲಂನಲ್ಲಿ ಅಡ್ಮಿನಿಸ್ಟ್ರೇಟರ್ ಆಗಿ ಒಳಗೆ ಹೋಗಬೇಕು. ಸರ್ವರ್ ಇದ್ದದ್ದು ಮ್ಯಾನೇಜರ ಕೋಣೆಯಲ್ಲಿ, ಏಸಿ ಇದ್ದ ಕೋಣೆ ಅದೊಂದೇ.

ಬ್ರಾಂಚಿಗೆ ಇದ್ದದ್ದು ಒಂದೇ ಲೈನು. ಮೋಡೆಮ್ ಕಿತ್ತು ಫೋನು ಸಿಕ್ಕಿಸಿ ಮ್ಯಾನೇಜರ ನಂಬರ್ ಒತ್ತಿದೆ. ಕಾರಿಮಂಗಲಂಗೆ ಪರ್ಮಿಷನ್ ಕೊಡಬೇಕು ಸಾರ್ ಎಂದು ತಮಿಳಿನಲ್ಲಿ ಹೇಳಿದೆ.

"ಯಾರುಕ್ಕು? ಲೆಟರ್ ಕುಡುತ್ತಾರಾ?"

ಯಾರಿಗೆ, ಚೀಟಿ ಕೊಟ್ಟಿದ್ದಾರಾ ಅಂತೆ! ಯಜಮಾನರು ನನ್ನ ಮುಖವನ್ನೇ ನೋಡುತ್ತಿದ್ದರು. ಸರ್ವರ್ ಮುಂದೆ ಕೂರಿ, ಪಾಸ್‌ವರ್ಡ್ ಹೇಳುತ್ತೇನೆ ಎಂದೆ. ಒಂದೊಂದೇ ಇಂಗ್ಲಿಷ್ ಅಕ್ಷರ ಬಿಡಿಸಿ ಹೇಳಿದರೆ ತಮಿಳರಿಗೆ ಏನು ತಿಳಿದೀತು ಎಂದುಕೊಂಡೆ. ಜಿ, ಯು, ಬಿ, ಇ. ಪ್ರತಿ ಅಕ್ಷರಕ್ಕೂ ಆ ಕಡೆ ಟಕ್ ಎನ್ನುತ್ತಿತ್ತು. ಎಂ, ಓ, ಆರ್, ಇ. ಕೊನೆಯ ಟಕ್ ಆದ ಮೇಲೆ ಆ ಕಡೆಯಿಂದ ದನಿ ಬಂತು.

"ಇದು ಒಂದೇ ಮಾತಾ ಎಲ್ಡು ಮಾತಾ ಅಮ್ಮಣೀ? ನಡುವೆ ಸ್ಪೇಸ್ ಐತಾ?"

ಅಚ್ಚ ನಮ್ಮ ಬೀದಿಯ ಕನ್ನಡ.

"ಇಲ್ಲ ಸಾರ್," ಎಂದೆ. "ಸೇರ್ಸಿ ಬರೀಬೇಕು."

ಅವರು ಸೇರಿಸಿಯೇ ಬರೆದರು. ನಾನು ಹೇಳಿದ ಕಡೆ ಒತ್ತಿದರು, ಟಿಕ್ ಹಾಕಿದರು, ಯಾವುದನ್ನೂ ಡಿಲೀಟ್ ಮಾಡಲಿಲ್ಲ. ಮತ್ತೆ ಮೋಡೆಮ್ ಸಿಕ್ಕಿಸಿದೆ, ಸೇಲಂನ ಸ್ಟಾಕು ಕಾರಿಮಂಗಲಂನ ಪರದೆಗೆ ಬಂತು, ಯಜಮಾನರು ಭೇಷ್ ಎಂದರು. ನನಗೆ ಅದು ಕಿವಿಗೇ ಬೀಳಲಿಲ್ಲ. ಊರು ಸೇರುವವರೆಗೂ ಮೂರು ವರ್ಷದ ಫೋನುಗಳನ್ನು ಒಂದೊಂದಾಗಿ ನೆನೆಸಿಕೊಂಡೆ. ಕಾಪಿ, ಸರ್ಟು, ಅವರ ಸೀನು, ಅವರ ಗೊರಕೆ. ಒಂದನ್ನಾದರೂ ಬಿಟ್ಟಿದ್ದೆನಾ?

ಮಾರನೇ ಬೆಳಿಗ್ಗೆ ನನ್ನ ಪಾಸ್‌ವರ್ಡ್ ಹಿಡಿಯಲಿಲ್ಲ. ಕೆಲಸ ಹೋಯಿತು ಎಂದುಕೊಂಡೇ ಅವರ ಕೋಣೆಗೆ ಹೋದೆ.

"ಪಾಸ್‌ವರ್ಡ್ ಚೇಂಜ್ ಮಾಡಿದ್ರಾ ಸಾರ್?"

"ಮಾಡ್ದೆ. ಫೋನ್‌ನಾಗೆ ಕೂಗಿ ಏಳಿದ್ ಪಾಸ್‌ವರ್ಡ್ ಇಟ್ಕೋಬೌದಾ? ನೀನೇ ತಾನೆ ಪಾಠ ಮಾಡಿದ್ದು?" ಎಂದರು. "ಬರ್ಕೋಬ್ಯಾಡ, ಬಾಯಾಗೆ ಏಳ್ತೀನಿ. ಜಂಬದ ಕೋಳಿ. ಸ್ಪೇಸ್ ಇಲ್ಲ."

ಆಮೇಲೆ ಡ್ರಾಯರಿನಿಂದ ಒಂದು ಕಾಗದ ತೆಗೆದು ಮುಂದೆ ಸರಿಸಿದರು. ನನ್ನನ್ನು ಪರ್ಮನೆಂಟ್ ಮಾಡಬೇಕೆಂದು ಯಜಮಾನರಿಗೆ ಬರೆದದ್ದು, ಹಿಂದಿನ ವಾರವೇ ಕಳಿಸಿದ್ದರು. ಕೆಲಸ ಚೆನ್ನಾಗಿದೆ, ಗುಟ್ಟು ಕಾಪಾಡುವುದರಲ್ಲಿ ನಂಬಿಕಸ್ಥೆ ಎಂದಿತ್ತು. ಕೆಳಗೆ ಯಜಮಾನರ ಸಹಿಯೂ ಬಿದ್ದಿತ್ತು. ಅಷ್ಟೆಲ್ಲ ಕೇಳಿಸಿಕೊಂಡೇ ಇದನ್ನು ಬರೆದಿದ್ದರು. ನನಗೆ ನಾಚಿಕೆಯಾಗಿ ಅಳು ಬಂತು.

"ನಮ್ ಮಾತು ಬರುತ್ತೆ ಅಂತ ಏಳ್ಲೇ ಇಲ್ವಲ್ಲ ಸಾರ್?"

"ಏಳಿದ್ರೆ ನೀನು ಅವತ್ತೇ ತಮಿಳ್ಗೆ ತಿರ್ಗ್ಬುಡ್ತಿದ್ದೆ. ನಮ್ಮವ್ವ ತೀರ್ಕೊಂಡ್ಮೇಲೆ ನಮ್ಮನ್ಯಾಗೆ ಈ ಮಾತು ಆಡೋರಿಲ್ಲ. ಮಕ್ಳೆಲ್ಲಾ ತಮಿಳೇ. ನಿಮ್ಮವ್ವಂದು ಫೋನ್ ಬರ್ಲಿ ಅಂತ ನಾನೂ ಕಾಯ್ತಿದ್ದೆ."

ಅವರು ಹೇಳಿದ್ದೇ ಆಯಿತು. ಮಧ್ಯಾಹ್ನ ಅವ್ವನ ಫೋನು ಬಂದಾಗ ಪರ್ಮನೆಂಟ್ ಆಯಿತು ಎಂಬುದನ್ನು ತಮಿಳಿನಲ್ಲೇ ಹೇಳಿದೆ, ನಾಲಿಗೆ ತಾನಾಗಿ ಹೊರಳಿತು. ಅವ್ವ ಗಾಬರಿಯಾಗಿ ಯಾರಮ್ಮಾ ನೀನು ಎಂದಳು. ಮ್ಯಾನೇಜರು ಪೇಪರ್ ಮಡಿಸಿ, ಕಾಪಿ ಲೋಟ ಎತ್ತಿಕೊಂಡು, ನನ್ನ ಪಾಡಿಗೆ ನಾನು ಮಾತಾಡಲಿ ಎಂದು ಬಾಗಿಲ ಕಡೆ ಹೊರಟರು.

ನಾನು ರಿಸೀವರಿಗೆ ಕೈ ಅಡ್ಡ ಹಿಡಿದು ಕರೆದೆ.

"ಸಾರ್, ಕುಂತ್ಕಳಿ. ನಿಮ್ ಇಸ್ಯನೇ ಮಾತಾಡೋದೈತೆ."