ಬುಡೇನ್ ಸಾಬರು ಆರಿಸಿದ ಗುಂಡು

ಬುಡೇನ್ ಸಾಬರ ತೊಡೆಯ ಮೇಲೆ ಯಾವಾಗಲೂ ಒಂದು ಕಿಟಕಿಯ ಗಾಜು ಇರುತ್ತಿತ್ತು. ಕೈ ಕುಯ್ಯದಿರಲೆಂದು ಅಂಚಿಗೆಲ್ಲ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿದ್ದ ಹಳೆಯ ಗಾಜು. ಅದರ ಮೇಲೆ ರೈಫಲ್ಲಿನ ತೋಟಾಗಳನ್ನು ಒಂದೊಂದಾಗಿ ಉರುಳಿಸುತ್ತಾ, ಕತ್ತು ವಾಲಿಸಿ ಸದ್ದು ಕೇಳುತ್ತಿದ್ದರು. ತೋಟಾದ ಬಾಯಲ್ಲಿ ಗುಂಡು ನೆಟ್ಟಗೆ ಕೂತಿದ್ದರೆ ಸದ್ದು ಒಂದೇ ಸಮ. ಕೂದಲೆಳೆಯಷ್ಟು ಸೊಟ್ಟಗಿದ್ದರೂ ಟಕ್ ಟಕ್ ಎನ್ನುತ್ತದೆ. ಅಂಥದ್ದನ್ನು ಪಕ್ಕಕ್ಕಿಟ್ಟು, "ಇವ್ನು ಕುಡ್ಕ. ಐವತ್ತು ಗಜ ನೆಟ್ಟಗೆ ಹೋಗ್ತಾನೆ, ಆಮ್ಯಾಕೆ ಅವ್ನ ದಾರಿ ಅವ್ನಿಗೆ" ಎನ್ನುತ್ತಿದ್ದರು.

ಶಿರಾದ ಹಳೇ ಪೇಟೆಯ ಒಂದು ಗಲ್ಲಿಯಲ್ಲಿ ಅವರ ಕೋವಿ ರಿಪೇರಿ ಅಂಗಡಿ. ನಾನು ಅರಣ್ಯ ಇಲಾಖೆಯ ಗಾರ್ಡು. ನಮ್ಮ ರೈಫಲ್ಲಿನ ಬೋಲ್ಟು ಬಿಗಿಯಾದಾಗಲೆಲ್ಲ ಅಲ್ಲಿಗೆ ಹೋಗುತ್ತಿದ್ದೆ. ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಬೈಕಿನ ಕೀ ಬೆರಳಲ್ಲಿ ತಿರುಗಿಸುತ್ತಾ ಬಾಗಿಲಲ್ಲೇ ನಿಂತು, ಆಯಿತಾ ಆಯಿತಾ ಎಂದು ಅವರ ಜೀವ ತಿನ್ನುತ್ತಿದ್ದೆ.

"ಕೂತ್ಕಳಪ್ಪ ಗಾರ್ಡಪ್ಪ. ನೀನು ಅಂಗೆ ನಿಂತಿದ್ರೆ ನನ್ ಕೈಯಾಗಿನ ಸ್ಕ್ರೂ ಕಳ್ದೋಯ್ತೈತೆ" ಎನ್ನುವರು. ನಾನು ಕೂರುತ್ತಿರಲಿಲ್ಲ.

ಚುನಾವಣೆ ಬಂದಾಗ ಲೈಸೆನ್ಸಿನ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕಲ್ಲ, ಮುಗಿದ ಮೇಲೆ ಬಿಡಿಸಿಕೊಂಡವರೆಲ್ಲ ನಳಿಗೆ ತಿಕ್ಕಿಸಲು ನೇರ ಅವರಲ್ಲಿಗೆ ಬರುತ್ತಿದ್ದರು. ಅಂಥ ಒಂದು ದಿನ ಗೌಡಗೆರೆ ಕಡೆಯ ರೈತರೊಬ್ಬರು ಕಡ್ಲೇಕಾಯಿ ಹೊಲಕ್ಕೆ ನುಗ್ಗುವ ಹಂದಿಗೆಂದು ದೂರ ಹೋಗುವ ಜೋರು ತೋಟಾ ಕೇಳಿದರು.

"ಹಂದಿ ಹಿಂದ್ಗಡೆ ಏನೈತೆ?" ಎಂದರು ಬುಡೇನ್ ಸಾಬರು.

"ಹೊಲ."

"ಹೊಲದ ಹಿಂದ್ಗಡೆ?"

"ರಸ್ತೆ."

"ರಸ್ತೆ ಹಿಂದ್ಗಡೆ?"

ರೈತರು ಸ್ವಲ್ಪ ಯೋಚಿಸಿ, "ನಮ್ ಭಾವನ ಮನೆ" ಎಂದರು.

"ಭಾವನ ಮ್ಯಾಲೆ ಏನಾರ ಸಿಟ್ಟೈತಾ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕೆವು. ಅವರು ನಗಲಿಲ್ಲ. ಬರೀ ಸದ್ದಿನ ತೋಟಾ ಕೊಟ್ಟು ಕಳಿಸಿದರು. ಬಂದವರೆಲ್ಲ ಮುಂದಿರುವುದರ ಮಾತಾಡಿದರೆ ಇವರೊಬ್ಬರು ಹಿಂದಿರುವುದನ್ನು ಕೇಳುತ್ತಿದ್ದರು. ನನಗೆ ಅದು ಮುದುಕರ ಕೊರೆತ ಅನ್ನಿಸುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಕೊಡಿಗೇನಹಳ್ಳಿ ಕಡೆಯ ಗುಡ್ಡದಲ್ಲಿ ಆ ಚಿರತೆ ಬಂತು. ಕುರಿ ಕಾಯುವವರನ್ನು ಒಬ್ಬರಾದ ಮೇಲೊಬ್ಬರಂತೆ ಇಬ್ಬರನ್ನು ಕೊಂದಿತು. ಬೋನಿಟ್ಟೆವು, ಒಳಗಿದ್ದ ಮೇಕೆ ತಿಂದು ತಿಂದು ದಪ್ಪಗಾಯಿತೇ ಹೊರತು ಚಿರತೆ ಬರಲಿಲ್ಲ. ಅರಿವಳಿಕೆ ಸೂಜಿ ಹೊಡೆಯಲು ನಲವತ್ತು ಐವತ್ತು ಗಜದ ಹತ್ತಿರ ಹೋಗಬೇಕು, ಅದು ಬಿಡಬೇಕಲ್ಲ. ಕೊನೆಗೆ ಕೊಲ್ಲಲು ಅನುಮತಿ ಬಂತು. ತರಬೇತಿಯಲ್ಲಿ ಗುರಿ ಚೆನ್ನಾಗಿತ್ತೆಂದು ಆ ಕೆಲಸ ನನ್ನ ತಲೆಗೆ ಕಟ್ಟಿದರು. ಅವತ್ತಿನಿಂದ ಅನ್ನ ಸೇರಲಿಲ್ಲ. ಹೊಡೆದರೂ ಕಷ್ಟ, ತಪ್ಪಿದರೂ ಕಷ್ಟ.

ಬೆಳಗಿನ ಬಿಸಿಲಿಗೆ ಚಿರತೆ ಒಂದು ಬೋಳು ಬಂಡೆಯ ಮೇಲೆ ಬಂದು ಮಲಗುವುದನ್ನು ಡ್ರೋನಿನಲ್ಲಿ ನೋಡಿದ್ದೆವು. ನಡುವೆ ಕಣಿವೆ, ಈಚೆ ಗುಡ್ಡದಿಂದಲೇ ಹೊಡೆಯಬೇಕು. ನಮ್ಮ ಪೆಟ್ಟಿಗೆಯಲ್ಲಿ ಎರಡು ಥರದ ತೋಟಾ ಇದ್ದವು. ಒಂದರ ಗುಂಡಿಗೆ ಮೂತಿಯವರೆಗೂ ತಾಮ್ರದ ಹೊದಿಕೆ, ಚೂಪಾಗಿ ಫಳಫಳ ಹೊಳೆಯುತ್ತಿತ್ತು. ಇನ್ನೊಂದರ ಮೂತಿಯಲ್ಲಿ ಮೆತ್ತನೆಯ ಸೀಸ ಕಾಣುತ್ತಿತ್ತು, ನೋಡಲು ಮೊಂಡು. ಅಷ್ಟು ದೂರಕ್ಕೆ ಹೊಳೆಯುವುದೇ ಸರಿ ಎಂದು ನಾನು ಮನಸ್ಸಿನಲ್ಲೇ ನಿರ್ಧರಿಸಿ, ಸುಮ್ಮನೆ ಹೌದೆನ್ನಿಸಿಕೊಳ್ಳಲು ಬುಡೇನ್ ಸಾಬರಲ್ಲಿಗೆ ಹೋದೆ.

"ಜಾಗ ನೋಡ್ದೆ ಹೆಂಗಪ್ಪ ಹೇಳ್ಲಿ?" ಎಂದರು. ಎಪ್ಪತ್ತು ದಾಟಿದ ಮನುಷ್ಯ, ಎರಡೂ ಮಂಡಿ ನೋವು. ನನ್ನ ಬೈಕಿನ ಹಿಂದೆ ಕೂತು ಶಿರಾದಿಂದ ಅಲ್ಲಿಯವರೆಗೂ ಬಂದು, ಕೋಲೂರಿ ಗುಡ್ಡ ಹತ್ತಿದರು. ನಾನು ದೂರ ಅಳೆಯುವ ಲೇಸರ್ ಯಂತ್ರ ಹಿಡಿದು, ಇನ್ನೂರಿಪ್ಪತ್ತು ಗಜ ಎಂದೆ.

"ಯಂತ್ರ ದೂರ ಹೇಳ್ತೈತೆ. ಹಿಂದ್ಗಡೆ ಇರಾದು ಹೇಳಾಕಿಲ್ಲ." ಕಣ್ಣಿಗೆ ಕೈ ಅಡ್ಡ ಹಿಡಿದು ತುಂಬ ಹೊತ್ತು ನೋಡಿದರು. ಬಂಡೆಯ ಬಲಕ್ಕೆ ಇಳಿಜಾರು, ಇಳಿಜಾರಿನ ಕೆಳಗೆ ಎಂಟು ಹತ್ತು ಮನೆ. "ಮಣ್ಣಾದ್ರೆ ಗುಂಡು ನುಂಗ್ಕತೈತೆ. ಬಂಡೆ ವಾಪಸ್ ಉಗೀತೈತೆ. ನಿನ್ ಹೊಳೆಯೋ ಗುಂಡು ಚಿರತೆ ಮೈಯಾಗೆ ಆರ್‌ಪಾರ್ ಹೋಗಿ, ಬಂಡೆಗೆ ಬಡ್ದು, ಎತ್ಲಾಗ್ ಹೋಗ್ತೈತೋ ಅಲ್ಲಾನೇ ಬಲ್ಲ. ಸೀಸದ್ದು ಒಳೀಕೆ ಹೋಗಿ ಅರಳ್ಕಂಡು ಅಲ್ಲೇ ನಿಂತ್ಕತೈತೆ. ಇಷ್ಟು ದೂರಕ್ಕೆ ಅದು ಸಾಕು. ಗಾಳಿ ನೋಡ್ಕ, ಅಷ್ಟೆಯ."

ಬಟ್ಟೆಯಲ್ಲಿ ಸುತ್ತಿ ತಂದಿದ್ದ ಗಾಜನ್ನು ಅಲ್ಲೇ ಬಿಚ್ಚಿ, ಸೀಸದ ಮೂತಿಯವುಗಳನ್ನು ಉರುಳಿಸಿ ಮೂರನ್ನು ಆರಿಸಿ ಕೊಟ್ಟರು. ನಾನು ಸರಿ ಎಂದೆ. ಆದರೆ ಮನಸ್ಸು ಒಪ್ಪಿರಲಿಲ್ಲ. ಮಾರನೆಯ ಬೆಳಿಗ್ಗೆ ರೈಫಲ್ಲು ತುಂಬುವಾಗ ಮೊದಲನೆಯದು ಅವರ ಗುಂಡು ಇರಲಿ, ಧೈರ್ಯಕ್ಕೆ ಎರಡನೆಯದು ನನ್ನದಿರಲಿ ಎಂದು ಒಂದು ತಾಮ್ರದ್ದನ್ನು ಸೇರಿಸಿಬಿಟ್ಟೆ.

ಬುಡೇನ್ ಸಾಬರು ಅವತ್ತು ಬಂದು ಗುಡ್ಡದ ಕೆಳಗೆ ಜೀಪಿನಲ್ಲಿ ಕೂತಿದ್ದರು. ಚಿರತೆ ಬಂತು, ಮಲಗಿತು. ಹೊಡೆದೆ. ಅದು ಇದ್ದಲ್ಲೇ ಕುಸಿಯಿತು. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಬಾಲ ಅಲುಗಿದಂತಾಯಿತು, ನನ್ನ ಕೈ ತಡೆಯದೆ ಇನ್ನೊಂದು ಹೊಡೆದೆ. ಆ ಗುಂಡು ಅದಕ್ಕೆ ತಾಗಲೇ ಇಲ್ಲ. ಬಂಡೆಗೆ ಬಡಿದು ಝುಂಯ್ ಎಂದು ಬಲಕ್ಕೆ ಹೋದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಎಲ್ಲರೂ ಚಿರತೆಯ ಕಡೆ ಓಡಿದರು. ಕೋಲೂರಿಕೊಂಡು ಮನೆಗಳ ಕಡೆ ಹೊರಟವರು ಬುಡೇನ್ ಸಾಬರೊಬ್ಬರೇ. ನಾನು ಅವರ ಹಿಂದೆ ಓಡಿದೆ. ಒಳಗಿರಿ ಎಂದು ಊರಿನವರಿಗೆಲ್ಲ ಹೇಳಿದ್ದೆವು. ಆದರೆ ಕೊನೇ ಮನೆಯ ಹನುಮಕ್ಕ ಜಗಲಿಯಲ್ಲಿ ಕೂತು ಹುಣಸೆಹಣ್ಣು ಬಡಿಯುತ್ತಿದ್ದರು. ಅವರ ತಲೆಯಿಂದ ಒಂದು ಗೇಣು ಮೇಲೆ ಮಣ್ಣಿನ ಗೋಡೆಯಲ್ಲಿ ತೂತು. "ಬಂಡೆ ಸಿಡಿಸೋರು ಮತ್ತೆ ಸುರು ಹಚ್ಕಂಡವ್ರೆ ಕಣಪ್ಪ. ಕಲ್ಲು ಇಲ್ಲಿಗಂಟ ಬಂತು" ಎಂದರು.

 ಅದು ಕಲ್ಲಲ್ಲ ಎಂದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಮೇಲಿನಿಂದ ನಮ್ಮ ಇಲಾಖೆಯ ಸಾಹೇಬರು ಕೂಗಿದರು. ಅದೇ ನೆಪ ಮಾಡಿಕೊಂಡು ಹೊರಟುಬಿಟ್ಟೆ. ಹಾರ ಹಾಕಿದರು, ಫೋಟೋ ತೆಗೆದರು, ಸಂಜೆಯೊಳಗೆ ಸುತ್ತಲಿನ ನಾಲ್ಕೂ ತಾಲ್ಲೂಕಿನ ಮೊಬೈಲುಗಳಲ್ಲಿ ನಾನಿದ್ದೆ. ಎರಡನೇ ಗುಂಡಿನ ಬಗ್ಗೆ ಕೇಳಿದವರಿಗೆ ಬಂಡೆ ಸಂದಿಗೆ ಹೋಯಿತು ಎಂದೆ. ಬುಡೇನ್ ಸಾಬರು ಜೀಪಿನಲ್ಲಿ ಮುಷ್ಟಿ ಬಿಗಿಹಿಡಿದು ಕೂತಿದ್ದರು. ಮಂಡಿ ನೋವಿರಬೇಕು ಅಂದುಕೊಂಡೆ.

ಆಮೇಲೆ ಒಂದು ವರ್ಷ ಶಿರಾ ಕಡೆ ತಲೆ ಹಾಕಲಿಲ್ಲ, ಬೋಲ್ಟು ಬಿಗಿಯಾದರೆ ತುಮಕೂರಿಗೆ ಒಯ್ದೆ. ಅವರೇ ಹೇಳಿಕಳಿಸಿದರು. ಮನೆಗೆ ಹೋದಾಗ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು, ತೊಡೆಯ ಮೇಲೆ ಗಾಜು. ದಿಂಬಿನ ಕೆಳಗಿಂದ ಒಂದು ಬಟ್ಟೆಯ ಗಂಟು ತೆಗೆದು, ಸೊಟ್ಟ ಮೂತಿಯ ತಾಮ್ರದ ಗುಂಡನ್ನು ಗಾಜಿನ ಮೇಲೆ ಬಿಟ್ಟರು. ಅದು ಉರುಳಲಿಲ್ಲ, ಟಕ್ಕೆಂದು ಬಿದ್ದುಕೊಂಡಿತು.

"ಗುರ್ತು ಸಿಕ್ತಾ?"

"ಯಾಕೆ ಯಾರ್ಗೂ ಹೇಳ್ಲಿಲ್ಲ ಸಾಬ್ರೆ?"

"ಹೇಳಿದ್ರೆ ನಿನ್ ಕೈಯಿಂದ ರೈಫಲ್ ಇಸ್ಕಂಡು ಇನ್ನೊಬ್ನಿಗೆ ಕೊಡೋರು. ಅವ್ನು ಇನ್ನೂ ಹೆದ್ರಿರಾಕಿಲ್ಲ. ನೀನು ಹೆದ್ರಿದೀಯ." ಗುಂಡನ್ನು ನನ್ನ ಕಡೆ ತಳ್ಳಿ, "ಆ ಯಮ್ಮನ್ನ ಹೋಗಿ ನೋಡ್ದಾ?" ಎಂದರು.

ಇಲ್ಲ ಎಂದೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಗುಂಡನ್ನು ಜೇಬಿಗೆ ಹಾಕಿಕೊಂಡು ಬಂದೆ. ಅದೇ ಕೊನೆ. ಹದಿನೈದು ದಿನಕ್ಕೆ ಹೋಗಿಬಿಟ್ಟರು. ಮಣ್ಣಿಗೆ ಹೋಗಿ ಬಂದ ಮೇಲೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬೈಕು ನೇರ ಗುಡ್ಡದ ದಾರಿ ಹಿಡಿಸಿದೆ.

ಹನುಮಕ್ಕನ ಮನೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ತೂತು ಮಾತ್ರ ಹಾಗೇ ಇತ್ತು, ಸುತ್ತ ಒಂದು ಅಂಗೈಯಗಲ ಸುಣ್ಣ ಮುಟ್ಟಿಸಿರಲಿಲ್ಲ. ಜೇಬಿನಿಂದ ಗುಂಡು ತೆಗೆದು ತೋರಿಸಿ, "ಅದು ಕಲ್ಲಲ್ಲ ಕಣಮ್ಮ, ನಾನು ಹೊಡೆದದ್ದು" ಎಂದೆ.

"ಗೊತ್ತು ಬುಡಪ್ಪ. ಆ ಸಾಬ್ರು ಅವತ್ತೇ ನನ್ ಮುಂದೇನೇ ಗುಂಡು ಕಿತ್ಕಂಡು ಹೇಳಿದ್ರು. ತೂತು ಮುಚ್ಬ್ಯಾಡ ಕಣಮ್ಮ, ಅವ್ನೇ ಬಂದು ಮುಚ್ತಾನೆ ಅಂದ್ರು. ಅವ್ರು ಚೆನ್ನಾಗವ್ರಾ?"

ಹೇಳಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿ, ಒಂದು ಬೋಸಿಯಲ್ಲಿ ಕೆಮ್ಮಣ್ಣು ಕಲಸಿ ತಂದಿಟ್ಟರು. ನಾನು ಬಗ್ಗಿ ನಿಂತೇ ಮೆತ್ತಲು ಹೋದೆ. ಅವಸರಕ್ಕೆ ಮಣ್ಣೆಲ್ಲ ಕೆಳಗೆ ಬಿತ್ತು.

"ಕೂತ್ಕಂಡು ಮೆತ್ತಪ್ಪ" ಎಂದರು ಹನುಮಕ್ಕ.

ಕೂತೆ.