ದಡದ ಮೇಲಿನ ಪರ್ಮಿಟ್

ಕ್ಲಾರೆನ್ಸ್ ಪಾಸ್ಕೋ ಸೋಮಾರಿ, ಸ್ವಾರ್ಥಿ, ಜಂಬಗಾರ. ಇದನ್ನು ಮೆತ್ತಗೆ ಹೇಳಲು ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ನಮ್ಮ ಕಡಲತೀರದ ಊರು ಟ್ಯಾರಂಟ್ ಹೆಡ್ಡಿನಲ್ಲಿ ಅವನನ್ನು ಹಿಂದಿನಿಂದ ಎಲ್ಲರೂ ಕರೆಯುವುದು 'ಪರ್ಮಿಟ್' ಎಂದೇ. ಈ ದಡದಲ್ಲಿ ರಂಪಣಿ ಬಲೆ ಎಳೆಯಲು ಹೊಸ ಪರ್ಮಿಟ್ ಕೊಡುವುದನ್ನು ರಾಜ್ಯ ಸರ್ಕಾರ ಎಂದೋ ನಿಲ್ಲಿಸಿದೆ. ಇರುವುದು ಒಂದೇ. ಅದು ಅಪ್ಪನಿಂದ ಹಿರಿಯ ಮಗ ಕ್ಲಾರೆನ್ಸನಿಗೆ ಬಂತು. ಮೀನು ಹಿಡಿಯುವ ಕೆಲಸ ಕಿರಿಯ ಮಗ ಕೀತನಿಗೆ ಬಂತು. ಕೀತ್ ಸತ್ತ ಮೇಲೆ ಅವನ ಹೆಂಡತಿ ರೊವೀನಾ ದೋಣಿ, ಬಲೆ, ಆಳುಗಳನ್ನು ನಡೆಸಿಕೊಂಡು ಬಂದಳು. ಆದರೆ ಬಲೆ ನೀರಿಗೆ ಬೀಳುವಾಗ ಪರ್ಮಿಟ್ ಉಳ್ಳವನು ಖುದ್ದಾಗಿ ದಡದಲ್ಲಿರಬೇಕು ಎನ್ನುತ್ತದೆ ಕಾನೂನು. ಇದ್ದು ಏನು ಮಾಡಬೇಕು ಎಂದು ಅದು ಹೇಳುವುದಿಲ್ಲ. ಕ್ಲಾರೆನ್ಸ್ ತನ್ನ ಜನ್ಮದಲ್ಲಿ ಅಕ್ಷರಶಃ ಪಾಲಿಸಿದ ಕಾನೂನು ಇದೊಂದೇ.

ಚಳಿಗಾಲಕ್ಕೆ ಮುಂಚೆ ಮಲೆಟ್ ಮೀನಿನ ಹಿಂಡು ನದಿಯಿಂದಿಳಿದು ದಡದ ಪಕ್ಕದಲ್ಲೇ ಉತ್ತರಕ್ಕೆ ಸಾಗುತ್ತದೆ. ರೊವೀನಾಳ ವರ್ಷದ ಅನ್ನ ಆ ಕೆಲವು ದಿನಗಳಲ್ಲಿದೆ. ಆಳುಗಳು ಎದೆಮಟ್ಟದ ನೀರಿನಲ್ಲಿ ನಡುಗುತ್ತಿದ್ದರೆ ಕ್ಲಾರೆನ್ಸ್ ಮಡಚುವ ಕುರ್ಚಿಯಲ್ಲಿ ಕೂತು, ಬಣ್ಣ ಹಚ್ಚಿದ ಮೀಸೆ ತೀಡಿಕೊಂಡು, ಅಲ್ಲಿ ನಾಯಿ ಅಡ್ಡಾಡಿಸಲು ಬರುವ ಬೌಲಿಂಗ್ ಕ್ಲಬ್ಬಿನ ಹೆಂಗಸರಿಗೆ ತನಗೆ ಅರವತ್ತೈದು ಎಂದು ನಂಬಿಸುತ್ತಿದ್ದ.

"ಕ್ಲಾರೀ, ಆ ಹಗ್ಗದ ತುದಿ ಒಂಚೂರು ಹಿಡ್ಕೋ ಮಾರಾಯ," ಎಂದು ಯಾರಾದರೂ ಕೂಗಿದರೆ ಅವನ ಉತ್ತರ ಸಿದ್ಧವಿತ್ತು: "ನಾನು ಸರ್ಕಾರಿ ದಾಖಲೆ ಕಣಯ್ಯಾ. ದಾಖಲೆ ಒದ್ದೆ ಆಗಬಾರ್ದು."

ಹೋದ ವರ್ಷ, ಹಿಂಡು ಬರುವ ಹಿಂದಿನ ದಿನ, ರೊವೀನಾ ಕೇಳಿಯೇ ಬಿಟ್ಟಳು.

"ಪರ್ಮಿಟ್ ನನ್ನ ಹೆಸರಿಗೆ ಮಾಡ್ಕೊಡು, ಕ್ಲಾರೀ."

"ಮಾಡ್ಕೊಟ್ರೆ ನಾಳೆ ನನ್ನನ್ನ ಯಾರು ಕೇಳ್ತಾರೆ? ನಾನು ಸತ್ಮೇಲೆ ತಗೋ."

"ಸಾಯೋದಕ್ಕೂ ಸೋಮಾರಿ ನೀನು!"

ಆಳುಗಳು ನಕ್ಕರು. ಅವನು ಕುರ್ಚಿ ಮಡಚಿಕೊಂಡು ಹೋದ.

ಮರುದಿನ ಬೆಳಿಗ್ಗೆ ಪಡುವಣ ಗಾಳಿ ಬೀಸಿತು, ಹಿಂಡು ಬಂತು, ಕ್ಲಾರೆನ್ಸ್ ಬರಲಿಲ್ಲ. ಫೋನೂ ಎತ್ತಲಿಲ್ಲ. ಗುಡ್ಡದ ಮೇಲೆ ಕಾವಲಿದ್ದ ಡೆಸ್ ಅಂಗಿ ಬಿಚ್ಚಿ ಬೀಸುತ್ತ ಅರಚಿದ: "ರೊವೀನಾ, ದಾಟ್ತಾ ಇದೆ! ಈಗ ಬಿಟ್ರೆ ಹೋಯ್ತು!"

ಪರ್ಮಿಟ್ ಉಳ್ಳವನಿಲ್ಲದೆ ಬಲೆ ಬಿಟ್ಟು ಸಿಕ್ಕಿಬಿದ್ದವರ ಹೆಸರಿಗೆ ಪರ್ಮಿಟ್ ಎಂದೂ ಬರುವುದಿಲ್ಲ. ಅದು ರೊವೀನಾಳಿಗೆ ಗೊತ್ತಿತ್ತು.

"ಹಾಳಾಗಿ ಹೋಗ್ಲಿ ಅವನು," ಎಂದಳು. "ದೋಣಿ ಬಿಡ್ರೋ."

ಬಲೆ ಹಿಂಡನ್ನು ಅರ್ಧ ಸುತ್ತುವ ಹೊತ್ತಿಗೆ ಮೀನುಗಾರಿಕೆ ಇಲಾಖೆಯ ಬಿಳಿ ಗಾಡಿ ಮರಳಿಗಿಳಿಯಿತು. ಇನ್ನೂ ಮೀಸೆ ಸರಿಯಾಗಿ ಮೂಡದ ಅಧಿಕಾರಿ ಕೆಳಗಿಳಿದು, ಕ್ಲಾರೆನ್ಸ್ ಪಾಸ್ಕೋ ಎಲ್ಲಿ ಎಂದು ಕೇಳಿದ. ರೊವೀನಾ ತಲೆ ತಗ್ಗಿಸಿದಳು.

ನಾನು ಮೇಲಿನ ರಸ್ತೆಯಲ್ಲಿದ್ದೆ. ಕ್ಲಾರೆನ್ಸನ ಕಾರು ಆಗಷ್ಟೇ, ಯಾವ ಅವಸರವೂ ಇಲ್ಲದೆ, ಬಂದು ನಿಂತಿತು. ಅವನು ಇಳಿದು ನೀರಿನಲ್ಲಿದ್ದ ಬಲೆ ನೋಡಿದ, ಬಿಳಿ ಗಾಡಿ ನೋಡಿದ, ತಲೆ ತಗ್ಗಿಸಿ ನಿಂತ ರೊವೀನಾಳನ್ನು ನೋಡಿದ. ಈಗ ಅವಳು ಇವನ ಕೈಯಲ್ಲಿದ್ದಳು. ಒಂದು ನಿಜ ಹೇಳಿದರೆ ಸಾಕಿತ್ತು.

ಅವನು ರಸ್ತೆ ಬದಿಯ ಪೊದೆಯೊಳಗೆ ನುಗ್ಗಿ, ಮರುಗಳಿಗೆ ದಡದ ಕಡೆಯಿಂದ ಪ್ಯಾಂಟಿನ ಗುಂಡಿ ಹಾಕಿಕೊಳ್ಳುತ್ತ ಹೊರಬಂದ.

"ಇಲ್ಲೇ ಇದ್ದೀನಿ! ಯಾಕೆ ಕೂಗಾಡ್ತೀರಿ?"

"ಬಲೆ ಬಿಡೋವಾಗ ಎಲ್ಲಿದ್ರಿ, ಸರ್?"

"ಆ ಪೊದೆ ಹಿಂದೆ. ಬೆಳಗಾದಾಗಿನಿಂದ ಅಲ್ಲೇ. ನನಗೆ ಎಪ್ಪತ್ತೆಂಟು ಕಣಪ್ಪಾ. ಬಂದ ಹಾಗಾಗುತ್ತೆ, ಬರಲ್ಲ. ನಿಂತಿರ್ಬೇಕು, ಕಾಯ್ತಾ." ನಾಯಿ ಹಿಡಿದು ನಿಂತಿದ್ದ ಕ್ಲಬ್ಬಿನ ಹೆಂಗಸರಿಗೂ ಕೇಳುವಂತೆ ಅವನು ದನಿ ಏರಿಸಿದ. "ಬರ್ಕೊಳ್ಳಿ. ಪ್ರಾಸ್ಟೇಟ್. ಕಾಗುಣಿತ ಹೇಳ್ಲಾ?"

ಅಧಿಕಾರಿ ಕಿವಿಯವರೆಗೂ ಕೆಂಪಾಗಿ ಪೆನ್ನು ಜೇಬಿಗಿಟ್ಟ. ಆಳುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು, ಹೆಂಗಸರೂ ನಕ್ಕರು. ನಗದೆ ನಿಂತವಳು ರೊವೀನಾ ಒಬ್ಬಳೇ. ಕ್ಲಾರೆನ್ಸ್ ಅವಳತ್ತ ತಿರುಗಿಯೂ ನೋಡಲಿಲ್ಲ. ಎಲ್ಲರಿಗೂ ಕಾಣುವಂತೆ, ನಿಧಾನವಾಗಿ, ಗುಂಡಿ ಬಿಚ್ಚಿ ಇನ್ನೊಮ್ಮೆ ಹಾಕಿಕೊಂಡ.