ಹಸಿರು ವಾಯರು

ಈಗ ನಾನಿರುವ ಊರಿನ ಹೆಸರು ಆಗ ಇನ್ನೂ ಗುಲಬರ್ಗಾ. ಬೇಸಿಗೆ ಎಂದರೆ ಈಗಿನ ಹಾಗೆ ಗೋಡೆಗೆ ಏಸಿ ಹಚ್ಚಿ, ಬಾಗಿಲು ಮುಚ್ಚಿಕೊಂಡು ಕೂಡುವ ಬೇಸಿಗೆಯಲ್ಲ. ಹೋಳಿ ಹುಣ್ಣಿಮೆ ಮುಗಿಯಿತೆಂದರೆ ಪೇಟೆಯ ತುಂಬ ಟಣ ಟಣ ತಗಡು ಬಡಿಯುವ ಸಪ್ಪಳ. ದೊಡ್ಡ ತಗಡಿನ ಡಬ್ಬಿ, ಮೂರು ಕಡೆ ಹುಲ್ಲು ತುಂಬಿದ ಜಾಲರಿ, ಒಳಗೆ ಫ್ಯಾನು, ತಳದಲ್ಲಿ ನೀರು. ಅದೇ ಕೂಲರ್. ಒದ್ದೆ ಹುಲ್ಲಿನ ಆ ವಾಸನೆ ಬಂದರೆ ಇವತ್ತಿಗೂ ನಮ್ಮ ಕಡೆಯವರಿಗೆ ಮಾವಿನಹಣ್ಣು, ಚೌಕಾಬಾರಾ ಆಟ, ಮಧ್ಯಾಹ್ನದ ನಿದ್ದೆ ಎಲ್ಲ ನೆನಪಾಗುತ್ತವೆ. ನಾನು ಮಾತ್ರ ಮೂಗಿಗೆ ಸೆರಗು ಹಿಡಿದು ಆ ಓಣಿ ದಾಟುತ್ತೇನೆ.

ನಾನು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವವಳು. ಪ್ರತಿ ವರ್ಷ ಅಡ್ಮಿಷನ್ ಹೊತ್ತಿಗೆ ಯಾರಾದರೂ ತಂದೆಯೋ ತಾಯಿಯೋ ಮಗಳ ಮಾರ್ಕ್ಸ್ ಕಾರ್ಡ್ ಹಿಡಿದು ನನ್ನ ಮೇಜಿನ ಎದುರು ನಿಲ್ಲುತ್ತಾರೆ. "ಮೇಡಂ, ಫಿಸಿಕ್ಸ್ ತಗೊಂಡ್ರ ಏನ್ರಿ ಫಾಯ್ದಾ?" ನಾನು ಗಿಳಿಪಾಠ ಒಪ್ಪಿಸುತ್ತೇನೆ. ಇಂಜಿನಿಯರಿಂಗ್ ಇದೆ, ದವಾಖಾನೆಯಲ್ಲಿ ಯಂತ್ರ ನಡೆಸುವ ಕೆಲಸ ಇದೆ, ನನ್ನ ಹಾಗೆ ಲೆಕ್ಚರರ್ ಆಗಬಹುದು, ಯಾವುದನ್ನೂ ಕಣ್ಣುಮುಚ್ಚಿ ನಂಬದ ಬುದ್ಧಿ ಬರುತ್ತದೆ. ಇದರಲ್ಲಿ ಸುಳ್ಳೇನಿಲ್ಲ. ಆದರೆ ನನಗೆ ಈ ಫಿಸಿಕ್ಸ್ ಹೇಗೆ ದಕ್ಕಿತು ಎಂಬುದನ್ನು ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ಅದು ನಮ್ಮ ಇಂದು ಅತ್ಯಾ ಸತ್ತ ಬೇಸಿಗೆಯ ಮಾತು.

ಅತ್ಯಾ ಎಂದರೆ ನಮ್ಮಪ್ಪನ ಅಕ್ಕ, ಹೆಸರು ಇಂದು. ಮದುವೆಯಾಗಿ ಗುಲಬರ್ಗಾದ ಖೂಬಾ ಪ್ಲಾಟಿನಲ್ಲಿ ಇದ್ದಳು. ನಾವು ಕಮಲಾಪುರದವರು. ಅಪ್ಪ ಗುಡಿಯ ಪೂಜೆ ಮಾಡಿಕೊಂಡು, ಊರವರಿಗೆ ಮುಹೂರ್ತ ತೆಗೆದುಕೊಡುತ್ತ ಇದ್ದವರು. ಮನೆಯಲ್ಲಿ ಅರ್ಧ ಮಾತು ಮರಾಠಿ, ಅರ್ಧ ಕನ್ನಡ. ಅತ್ಯಾ ಮೆಟ್ರಿಕ್‌ನಲ್ಲಿ ವಿಜ್ಞಾನಕ್ಕೆ ಶಾಲೆಗೇ ಮೊದಲು ಬಂದವಳಂತೆ. ಕಾಲೇಜಿನ ಲ್ಯಾಬಿನಲ್ಲಿ ಎಲ್ಲರೂ ಎಲ್ಲರನ್ನೂ ಮುಟ್ಟುತ್ತಾರೆ ಎಂದು ಅಜ್ಜ ಅವಳ ಓದನ್ನು ಅಲ್ಲಿಗೇ ನಿಲ್ಲಿಸಿದ. ಅದನ್ನು ಅವಳು ನಗುನಗುತ್ತಲೇ ಹೇಳುತ್ತಿದ್ದಳು. ನಗುವಾಗ ನಮ್ಮ ಕಡೆ ನೋಡುತ್ತಿರಲಿಲ್ಲ.

ನನ್ನ ಒಂಬತ್ತನೆತ್ತಾ, ಅಂದರೆ ಒಂಬತ್ತನೇ ಕ್ಲಾಸಿನ, ಪರೀಕ್ಷೆ ಮುಗಿದ ರಜೆ. ಅತ್ಯಾಗೆ ಒಂದೇ ಹಟ: ಹತ್ತನೆತ್ತಾ ಆದ ಮೇಲೆ ನನ್ನನ್ನು ತನ್ನ ಮನೆಯಲ್ಲಿ ಇಟ್ಟುಕೊಂಡು ಪಿಯುಸಿ ಸೈನ್ಸ್ ಓದಿಸಬೇಕು. ಅಪ್ಪನದು ಇನ್ನೊಂದೇ ಹಟ.

"ಆರ್ಟ್ಸ್ ಓದ್ಲಿ, ಇಲ್ಲೇ ಸಾಲ್ಯಾಗ ಟೀಚರ್ ಆಗ್ಲಿ. ಫಿಸಿಕ್ಸ್ ಓದಿ ಏನು ರಾಕೆಟ್ ಹಾರಸ್ತಾಳೇನು?"

"ಗುಂಡ್ಯಾ, ರಾಕೆಟ್ ಹಾರಸ್ಲಿ, ಬಿಡ್ಲಿ. ಮೊದಲ ಅಕಿನ್ನ ರಜಾಕ್ಕ ನನ್ನ ಕಡೆ ಕಳಸು. ಅಕಿ ತಲಿ ಎಷ್ಟದ ನಾ ನೋಡ್ತೀನಿ." ಎಪ್ಪತ್ತು ಮಂದಿಗೆ ಮಂತ್ರ ಹೇಳಿಸುವ ಅಪ್ಪ ಅಕ್ಕನ ಬಾಯಲ್ಲಿ ಗುಂಡ್ಯಾನೇ. ಅವಳ ಮಾತಿಗೆ ಎದುರಾಡುವುದು ಅವರಿಂದ ಆಗುತ್ತಿರಲಿಲ್ಲ.

ಹೀಗೆ ಒಂದು ಡಜನ್ ಕೆಂಪು ಬಾಳೆಹಣ್ಣು ಚೀಲದಲ್ಲಿ ಹಾಕಿಕೊಂಡು ನಾನು ಬಸ್ ಹತ್ತಿದೆ. ನಮ್ಮ ಕಮಲಾಪುರದ ಆ ಹಣ್ಣಿನ ಮೇಲೆ ಮಾಮಾಗೆ, ಅಂದರೆ ಅತ್ಯಾನ ಗಂಡನಿಗೆ, ಜೀವ. ಮಾಮಾ ಯಾವುದೋ ಆಫೀಸಿನಲ್ಲಿ ಗುಮಾಸ್ತ, ಸಾಧು ಮನುಷ್ಯ. ಅವರಿಗೆ ಮಕ್ಕಳಿರಲಿಲ್ಲ. ನಾನು ಹೋದರೆ ಮನೆಯಲ್ಲಿ ಹಬ್ಬ. ಬೆಳಿಗ್ಗೆ ಚುರುಮುರಿಯ ಸುಸಲಾ, ಮಧ್ಯಾಹ್ನ ಮಾವಿನಕಾಯಿ-ಬೆಲ್ಲದ ಗುಳಂಬ ಹಚ್ಚಿದ ಚಪಾತಿ, ಆಮೇಲೆ ಅತ್ಯಾ ನಾನು ಕವಡೆ ಹಾಕಿಕೊಂಡು ಚೌಕಾಬಾರಾ. ಸೋಲುವ ಹಾಗಾದರೆ ಅತ್ಯಾ ಭಂಡತನದಿಂದ ಕವಡೆ ತಿರುವುತ್ತಿದ್ದಳು.

ಆ ವಾರವೇ ಮಾಮಾ ಹೊಸ ಕೂಲರ್ ತಂದರು. ಹಮಾಲ ಅದನ್ನು ನಡುಮನೆಯಲ್ಲಿ ಇಳಿಸಿ ಹೋದ. ಮಾಮಾ ಪ್ಲಗ್ ಹಿಡಿದು ಗೋಡೆಯ ಹತ್ತಿರ ಹೋಗಿ ನಿಂತುಬಿಟ್ಟರು. ಪ್ಲಗ್ಗಿಗೆ ಮೂರು ಕಾಲು, ಆ ಹಳೆಯ ಗೋಡೆಯ ಸಾಕೆಟ್ಟಿಗೆ ಎರಡೇ ತೂತು. ಪಕ್ಕಡ ತಂದು ಪ್ಲಗ್ ಕತ್ತರಿಸಿ ಒಗೆದರು. ಎರಡು ಕಾಲಿನ ಪ್ಲಗ್ಗಿಗೆ ಕೆಂಪು, ಕಪ್ಪು ವಾಯರು ಸೇರಿಸಿದರು. ಉಳಿದ ಹಸಿರು ವಾಯರನ್ನು ಮಡಚಿ ಟೇಪು ಸುತ್ತಿದರು. ಕೂಲರ್ ಭರ್ರೆಂದು ತಿರುಗಿತು. ಅತ್ಯಾ ಸೆರಗು ಬಿಚ್ಚಿ ಗಾಳಿಗೆ ಹಿಡಿದು, "ಅಯ್ಯ ನಮ್ಮವ್ವಾ, ಮಹಾಬಳೇಶ್ವರ ಆತು ನೋಡು!" ಎಂದಳು.

ಆ ಹಸಿರು ವಾಯರು ಏನೆಂದು ನನಗೆ ಗೊತ್ತಿತ್ತು. ಇದನ್ನು ಒತ್ತಿ ಹೇಳುತ್ತೇನೆ: ಗೊತ್ತಿತ್ತು. ಮಹಾಗಾಂವದಿಂದ ಬೈಕಿನ ಮೇಲೆ ಬರುತ್ತಿದ್ದ ನಮ್ಮ ಸೈನ್ಸ್ ಸರ್ ಒಂದು ದಿನ ತಮ್ಮ ಮನೆಯ ಇಸ್ತ್ರಿ ಪೆಟ್ಟಿಗೆಯನ್ನೇ ಕ್ಲಾಸಿಗೆ ತಂದು ಬಿಚ್ಚಿ ತೋರಿಸಿದ್ದರು.

"ಈ ಮೂರನೇ ತಂತಿ ನೋಡ್ರಿ. ದಿನಾ ಇದಕ್ಕ ಏನೂ ಕೆಲಸಿಲ್ಲ, ಸುಮ್ನ ಕುಂತಿರತದ. ಕರೆಂಟ್ ದಾರಿ ತಪ್ಪಿ ತಗಡಿಗೆ ಬಂತಂದ್ರ ಮಾತ್ರ ಅದನ್ನ ಹಿಡಕೊಂಡು ಭೂಮಿಗೆ ಒಯ್ತದ. ಇದಕ್ಕ ಅರ್ಥ್ ಅಂತಾರ."

ಹಿಂದಿನ ಬೆಂಚಿನವನೊಬ್ಬ ಎದ್ದು ನಿಂತ. "ಸರ್, ಅರ್ಥ್ ಅಂದ್ರ ಏನ್ರಿ ಅರ್ಥ?"

"ಅರ್ಥ್ ಅಂದ್ರ ಭೂಮಿ ಲೇ ಮಬ್ಬ! ಈಗರೆ ಅರ್ಥ ಆತೇನು?" ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತ್ತು.

ನಾನು ಮಾಮಾಗೆ ಹೇಳಿದೆ. "ಮಾಮಾ, ಇದಕ್ಕ ಅರ್ಥ್ ಬೇಕ್ರಿ."

"ಎರಡ ವಾಯರಿನಾಗ ಇಷ್ಟು ತಂಪ ಗಾಳಿ ಬರಲಿಕತ್ತದ, ಇನ್ನೇನು ಅರ್ಥ ಬೇಕವಾ ನಿನಗ?" ಎಂದು ಅವರೂ ನಕ್ಕರು. ಮಿಸ್ತ್ರಿಯನ್ನು ಕರೆಯಬೇಕು, ಹಿತ್ತಲಲ್ಲಿ ತಗ್ಗು ತೋಡಿ ಪಟ್ಟಿ ಹುಗಿಯಬೇಕು, ಅದೆಲ್ಲ ಒಂದು ದಿನದ ಕೆಲಸ. "ಆಗ್ಲಿ, ಮುಂದಿನ ಐತವಾರ ನೋಡೂಣು" ಎಂದರು. ನಮ್ಮ ಊರಿನಲ್ಲಿ ಮುಂದಿನ ಐತವಾರ ಎಂದರೆ ಏನೆಂದು ನಿಮಗೂ ಗೊತ್ತಲ್ಲ.

ನಾಲ್ಕೈದು ದಿನ ಆಗುವಷ್ಟರಲ್ಲಿ ಕೂಲರ್ ಝುಂ ಎನ್ನತೊಡಗಿತು. ಮುಟ್ಟಿದರೆ ಮೊಳಕೈ ತನಕ ಇರುವೆ ಹರಿದ ಹಾಗೆ. ಯಾರೂ ಹೆದರಲಿಲ್ಲ. ಬಾಜೂ ಮನೆಯಾಕೆ ಬಂದು, "ನಮ್ದೂ ಹಂಗ ಅಂತದ್ರಿ, ಕೂಲರ್ ಅಂದಮ್ಯಾಲ ಅಷ್ಟು ಇರೂದೇ" ಎಂದು ಸಮಾಧಾನ ಹೇಳಿ ಹೋದಳು. ಆಗ ನಾನು ನನ್ನ ಜಾಣತನ ತೋರಿಸಿದೆ. ಮಾಮಾನ ಹವಾಯಿ ಚಪ್ಪಲಿ ತಂದು ಕೂಲರ್ ಬುಡದಲ್ಲಿ ಇಟ್ಟೆ. "ರಬ್ಬರಿನಾಗ ಕರೆಂಟ್ ಹಾಯಂಗಿಲ್ರಿ. ಇದನ್ನ ಮೆಟ್ಟಿಕೊಂಡ ಮುಟ್ರಿ." ಮಾಮಾ ಮೆಟ್ಟಿಕೊಂಡು, ಅಂಜುತ್ತ ಒಂದು ಬೆರಳು ಹಚ್ಚಿದರು. ಝುಂ ಇಲ್ಲ! ಇಡೀ ಓಣಿಗೆ ಸುದ್ದಿಯಾಯಿತು. ಎಲ್ಲರ ಕೂಲರ್ ಮುಂದೂ ಒಂದೊಂದು ಜೋಡು ಚಪ್ಪಲಿ ಬಂದವು. ಮಾಮಾ ನನಗೆ "ಸೈಂಟಿಸ್ಟ್ ಬಾಯಿ" ಎಂದು ಹೆಸರಿಟ್ಟರು. ಅತ್ಯಾ ಅವತ್ತೇ ಕಮಲಾಪುರಕ್ಕೆ ಫೋನ್ ಹಚ್ಚಿದಳು.

"ಗುಂಡ್ಯಾ, ನಿನ್ನ ಮಗಳು ನಮ್ಮ ಓಣಿಗೇ ಜೀವದಾನ ಮಾಡ್ಯಾಳ. ಈಗ ಹೇಳು, ಸೈನ್ಸ್‌ಗೆ ಹಚ್ತೀಯೋ ಇಲ್ಲೋ?"

ಆ ಕಡೆಯಿಂದ ಅಪ್ಪ ಏನೋ ಅಂದರು. ಅತ್ಯಾ ಫೋನ್ ಇಟ್ಟು ನನ್ನನ್ನು ಹಿಡಿದು ಒಂದು ಸುತ್ತು ತಿರುಗಿಸಿದಳು. "ಹೂಂ ಅಂದ!" ಅವಳ ಕಣ್ಣು ಒದ್ದೆಯಾಗಿತ್ತು. ನಾನು ಅಷ್ಟು ಖುಷಿಪಟ್ಟ ದಿನ ಆಮೇಲೆ ಬಂದಿಲ್ಲ.

ಅಲ್ಲಿಂದ ಮುಂದೆ ನಾನು ಹಸಿರು ವಾಯರಿನ ಮಾತೇ ತೆಗೆಯಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಚಪ್ಪಲಿ ಸಾಲದು, ಅರ್ಥ್ ಬೇಕೇ ಬೇಕು ಎಂದು ಮತ್ತೆ ಹೇಳಿದರೆ ನನ್ನ ಚಪ್ಪಲಿಯ ಬೆಲೆ ಇಳಿಯುತ್ತಿತ್ತು. ಹದಿನಾಲ್ಕು ವರ್ಷದ ಹುಡುಗಿಗೆ ಅದೊಂದೇ ಕಿರೀಟ. ಐತವಾರ ಒಂದು ಹೋಯಿತು, ಎರಡು ಹೋದವು. ಮಾಮಾ ಮಿಸ್ತ್ರಿಯನ್ನು ಕರೆಯಲಿಲ್ಲ, ನಾನೂ ನೆನಪಿಸಲಿಲ್ಲ.

ಏಕಾದಶಿ ಬಂತು. ನಮ್ಮ ಮನೆಗಳಲ್ಲಿ ಅವತ್ತು ಉಪವಾಸ. ಮರುದಿನ ದ್ವಾದಶಿ, ಸೂರ್ಯ ಹುಟ್ಟುವ ಹೊತ್ತಿಗೆ ನೈವೇದ್ಯ ಮುಗಿಸಿ ಊಟ ಮಾಡಬೇಕು. ಅಡಿಗೆ ಮಾಡುವವರು ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ಮಡಿಯಿಂದ ಇರಬೇಕು, ಯಾರನ್ನೂ ಮುಟ್ಟಬಾರದು. ಏಕಾದಶಿಯ ಸಂಜೆ ಅತ್ಯಾ ನಡುಮನೆ ತೊಳೆದು ನನಗೆ ಹೇಳಿದಳು: "ಆ ಚಪ್ಪಲ್ ತಗದು ಹೊರಗ ಇಡವಾ. ನಾಳೆ ಇಲ್ಲೆ ಮಡೀಲೆ ಓಡಾಡಬೇಕು, ಅಡ್ಡ ಬರತಾವ."

ನಾನು ಎರಡೂ ಚಪ್ಪಲಿ ತೆಗೆದು ಅಂಗಳದಲ್ಲಿ ಇಟ್ಟು ಬಂದೆ. ಏನೂ ಹೊಳೆಯಲಿಲ್ಲ. ಮಡಿಯಲ್ಲಿ ಚಪ್ಪಲಿ ಇಲ್ಲ ಎಂಬುದು ನಮಗೆ ಉಸಿರಾಡಿದಷ್ಟು ಸಹಜವಾದ ಮಾತು.

ಬೆಳಿಗ್ಗೆ ಎದ್ದಾಗ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ, ಆದರೂ ಸೆಕೆ. ನೀರಿಲ್ಲದ ಉಪವಾಸದಿಂದ ಮಾಮಾಗೆ ತಲೆನೋವು. ಕೂಲರ್ ಮುಂದೆ ಮಲಗಿದ್ದರು. ಅದರಲ್ಲಿ ನೀರು ಮುಗಿದು ಬಿಸಿ ಗಾಳಿ ಬರುತ್ತಿತ್ತು. ನೀರು ಹಾಕುವುದು ದಿನವೂ ನನ್ನ ಕೆಲಸ. ಬಕೆಟ್ ತಗೊಂಡು ಬಾಗಿಲಿಗೆ ಬಂದೆ.

"ಅಲ್ಲೇ ನಿಂದ್ರು! ಜಳಕ ಆಗಿಲ್ಲ ನಿಂದು. ಒಳಗ ಬಂದು ಎಲ್ಲಾ ಮೈಲಿಗಿ ಮಾಡಬ್ಯಾಡ. ನಾನೇ ಹಾಕ್ತೀನಿ ತಗೋ."

ಹೊಸ್ತಿಲ ಈಚೆ ನಿಂತೆ. ಅತ್ಯಾ ಮಡಿನೀರಿನ ತಾಮ್ರದ ಕೊಡ ಎತ್ತಿಕೊಂಡು ಬಂದಳು. ಸೀರೆಯಿಂದ ನೀರು ತೊಟ್ಟಿಕ್ಕಿ ಕಾಲ ಕೆಳಗೆ ನಿಂತಿತ್ತು. ಎಲ್ಲರೂ ಮುಟ್ಟುವ ಕೂಲರ್ ಮೈಲಿಗೆ, ಆದರೆ ನೀರು ಹಾಕಲು ಅಡ್ಡಿಯಿಲ್ಲ, ಮುಟ್ಟಬಾರದು ಅಷ್ಟೇ. ಅತ್ಯಾ ಮುಟ್ಟಲಿಲ್ಲ. ಮಡಿ ಕೆಡದ ಹಾಗೆ ಕೊಡವನ್ನು ಎರಡೂ ಕೈಯಲ್ಲಿ ಹಿಡಿದು, ಅದರ ಬಾಯಿಯನ್ನು ಮಾತ್ರ ತಗಡಿನ ಅಂಚಿಗೆ ಆನಿಸಿದಳು.

ಅವಳು ಕೂಗಲೂ ಇಲ್ಲ, ಕೊಡಕ್ಕೆ ಅಂಟಿಕೊಂಡ ಹಾಗೆ ಸೆಟೆದು ನಿಂತುಬಿಟ್ಟಳು. ಮೈಲಿಗೆ ಅನ್ನದೆ ಓಡಿ ಹೋಗಿ ಸ್ವಿಚ್ ಬಂದ್ ಮಾಡಿದವಳು ನಾನೇ. ಮೊದಲು ಕರೆಂಟ್ ಬಂದ್ ಮಾಡಬೇಕು, ಆಮೇಲೆ ಮುಟ್ಟಬೇಕು ಎಂಬುದನ್ನೂ ಸರ್ ಹೇಳಿಕೊಟ್ಟಿದ್ದರು. ಡಾಕ್ಟರ್ ಬಂದು ನಾಡಿ ಹಿಡಿದು, ಮಾಮಾನ ಹೆಗಲ ಮೇಲೆ ಕೈ ಇಟ್ಟು ಹೊರಗೆ ಹೋದರು.

ಬಂದವರದೆಲ್ಲ ಒಂದೇ ಮಾತು. ಮುತ್ತೈದೆ ಸಾವು, ದ್ವಾದಶಿ ಸಾವು, ಅದೂ ಮಡಿಯಲ್ಲಿ. ಪುಣ್ಯವಂತೆ, ನೆಟ್ಟಗೆ ವೈಕುಂಠಕ್ಕೆ ಹೋದಳು. ಅಪ್ಪ ಗೋಡೆಗೆ ತಲೆ ಆನಿಸಿ, "ಆಯುಷ್ಯ ಅಷ್ಟೇ ಇತ್ತು" ಎಂದರು. ಎಲ್ಲರಿಗೂ ಹಿಡಿದುಕೊಳ್ಳಲು ಒಂದೊಂದು ಮಾತು ಸಿಕ್ಕಿತು. ನನಗೆ ಸಿಗಲಿಲ್ಲ. ಅತ್ಯಾ ಹೇಗೆ ಸತ್ತಳು ಎಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳು. ತಗಡಿನಿಂದ ತಾಮ್ರ, ತಾಮ್ರದಿಂದ ಕೈ, ಕೈಯಿಂದ ಒದ್ದೆ ನೆಲ. ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ತೋರಿಸುವಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಚಪ್ಪಲಿ ಮೆಟ್ಟಿದವರನ್ನು ಮಾತ್ರ ಕಾಯುತ್ತದೆ, ಅರ್ಥ್ ಎಲ್ಲರನ್ನೂ ಕಾಯುತ್ತದೆ. ಇಷ್ಟು ಸಣ್ಣ ಮಾತನ್ನು ಎರಡನೇ ಸಲ ಹೇಳಲು ನನಗೆ ಬಾಯಿ ಬಂದಿರಲಿಲ್ಲ.

ಹದಿಮೂರನೇ ದಿನದ ಕರ್ಮ ಮುಗಿದ ಮೇಲೆ ಮಾಮಾ ನನ್ನನ್ನು ಹತ್ತಿರ ಕರೆದರು. "ನೀ ಸಾಲ್ಯಾಗ ಕಲ್ತೀಯಲ್ಲ. ಯಾಕ ಹಿಂಗಾತು?"

"ಗೊತ್ತಿಲ್ರಿ ಮಾಮಾ" ಎಂದೆ.

ಅಪ್ಪ ಅಕ್ಕನಿಗೆ ಕೊಟ್ಟ ಮಾತು ತಪ್ಪಲಿಲ್ಲ. ನಾನು ಹಾಸ್ಟೆಲಿನಲ್ಲಿದ್ದು ಸೈನ್ಸ್ ಓದಿದೆ, ಎಂಎಸ್ಸಿ ಮಾಡಿದೆ, ನೌಕರಿ ಸಿಕ್ಕಿತು. ಸ್ವಂತ ದುಡಿಮೆ, ಸ್ವಂತ ಮನೆ, ಊರಲ್ಲಿ ಮೇಡಂ ಎಂಬ ಮರ್ಯಾದೆ, ಎಲ್ಲ ಫಿಸಿಕ್ಸ್ ಕೊಟ್ಟದ್ದೇ. ಪ್ರತಿ ವರ್ಷ ಅರ್ಥಿಂಗ್ ಪಾಠವನ್ನು ಎರಡು ಸಲ ಮಾಡುತ್ತೇನೆ. ಹುಡುಗರು, "ಇದು ಆಗೇದ್ರಿ ಮೇಡಂ" ಎನ್ನುತ್ತಾರೆ. ಬೈದು ಕೂಡಿಸುತ್ತೇನೆ.

ಮಾಮಾ ಈಗ ಶರಣಸಿರಸಗಿಯ ಹೊಸ ಲೇಔಟಿನಲ್ಲಿ ತಮ್ಮನ ಮಕ್ಕಳ ಜೊತೆ ಇದ್ದಾರೆ. ಮನೆ ತುಂಬ ಮೊಮ್ಮಕ್ಕಳು, ಗದ್ದಲ. ಹೋದ ಬೇಸಿಗೆಯಲ್ಲಿ ಹೋಗಿದ್ದೆ. ಊಟಕ್ಕೆ ಕೂತಾಗ ಅವರು ತುತ್ತು ಕೈಯಲ್ಲೇ ಹಿಡಿದು, ಇಷ್ಟು ವರ್ಷ ಕೇಳದಿದ್ದದ್ದನ್ನು ಕೇಳಿದರು.

"ಅವಾ, ಅವತ್ತ ಆ ಹಸರ ವಾಯರ್ ನಾ ಹಚ್ಚಿದ್ರ ನಿಮ್ಮ ಅತ್ಯಾ ಉಳೀತಿದ್ಲೇನು?"

ಎಂಬತ್ತು ದಾಟಿದ ಮನುಷ್ಯ.

"ಇಲ್ರಿ ಮಾಮಾ. ಅಷ್ಟು ನೀರಿತ್ತಲ್ರಿ, ವಾಯರ್ ಇದ್ರೂ ಉಳೀತಿರಲಿಲ್ಲ."

"ಖರೇನ?"

"ಖರೇನ್ರಿ."

"ನೀ ಅದನ್ನೇ ಓದಿದಾಕಿ. ನೀ ಹೇಳಿದ ಮ್ಯಾಲ ಮುಗೀತು ಬಿಡು" ಎಂದು ಆ ತುತ್ತನ್ನು ಬಾಯಿಗಿಟ್ಟುಕೊಂಡರು.

ನನ್ನ ಅಷ್ಟೂ ಓದು ಆ ಒಂದು ಸುಳ್ಳಿಗೆ ಸಾಕ್ಷಿಯಾಗಿ ನಿಂತಿತು. ಮನೆಯವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ನನ್ನ ಮಾತನ್ನು ತಡೆದು, ಆ ಪುಸ್ತಕ ತಾ ಇಲ್ಲಿ, ಹೆಂಗ ಉಳೀತಿರಲಿಲ್ಲ ತೋರಿಸು ನೋಡೂಣು ಎಂದು ಕೇಳುವವಳು ಇಡೀ ನಮ್ಮ ಬಳಗದಲ್ಲಿ ಅತ್ಯಾ ಒಬ್ಬಳೇ ಇದ್ದಳು.